ನಾಲಿಗೆಗೆ ರೇಟು ಗೊತ್ತೇ?

ಮುಂಬಯಿಯಲ್ಲಿ ‘ವೈನ್ ಶಾಪ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗೆ ಹೋಗಿ ನಿಜವಾಗಿಯೂ ವೈನ್ ಕೇಳಿದರೆ, ಕೌಂಟರಿನ ಹುಡುಗ ಒಂದು ಕ್ಷಣ ಮುಖ ನೋಡುತ್ತಾನೆ. ಅಲ್ಲಿ ಖರ್ಚಾಗುವುದು ವಿಸ್ಕಿ, ರಮ್ಮು, ಬಿಯರು. ವೈನಿಗೆ ಮೂಲೆಯಲ್ಲಿ ಒಂದು ಶೆಲ್ಫು. ಬ್ಯಾಂಕಿನ ವರ್ಗಾವಣೆಯಿಂದ ನಾನು ಚೆಂಬೂರಿಗೆ ಬಂದು 35 ವರ್ಷ ದಾಟಿತು. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಭಾನುವಾರ ರಾತ್ರಿ ಊಟದ ಜೊತೆ ಒಂದು ಗ್ಲಾಸು ವೈನ್ ಕುಡಿಯುವ ಅಭ್ಯಾಸ ಇದೆ. ಊರಿನ ಓದುಗರಲ್ಲಿ ಕೆಲವರು ಇಲ್ಲಿಗೇ ಪುಸ್ತಕ ಮುಚ್ಚಬಹುದು. ಕುಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಆ ಮೂಲೆಯ ಶೆಲ್ಫಿನಲ್ಲಿ 300 ರೂಪಾಯಿಯ ಬಾಟಲಿಯೂ ಇರುತ್ತದೆ, 3,000 ರೂಪಾಯಿಯದೂ ಇರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹತ್ತು ಪಟ್ಟು ರುಚಿಯೇ? ಇಲ್ಲವೆಂದಾದರೆ, ಅದನ್ನು ಕುಡಿದು ‘ಆಹಾ’ ಅನ್ನುವಾಗ ಮಾತಾಡುತ್ತಿರುವುದು ನಾಲಿಗೆಯೋ, ಬಾಟಲಿಗೆ ಅಂಟಿಸಿದ ಚೀಟಿಯೋ?

ನಾನು ದೊಡ್ಡಬಳ್ಳಾಪುರದ ಕಡೆಯವನು. ನಮ್ಮ ಕಡೆ ಬೆಳೆಯುತ್ತಿದ್ದುದು ಬೆಂಗಳೂರು ಬ್ಲೂ ಅನ್ನುವ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ ಬೆರೆತ ಸಿಹಿ. ತಿರುಳು ಹೀರಿ ಸಿಪ್ಪೆ ಉಗಿಯಬೇಕು. ತಿಂದಾದ ಮೇಲೆ ನಾಲಿಗೆ ನೇರಳೆ ಬಣ್ಣ. ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಜ್ಯೂಸು, ಜಾಮು ಮತ್ತು ಅಗ್ಗದ ಸಿಹಿ ವೈನಿಗೆ ಅದು ಹೋಗುತ್ತದೆ. ಅದರ ಜಾತಿಯ ದ್ರಾಕ್ಷಿಯ ಪರಿಮಳಕ್ಕೆ ವೈನ್ ಪಂಡಿತರು ‘ನರಿಯ ವಾಸನೆ’ ಎಂದು ಹೆಸರಿಟ್ಟಿದ್ದಾರೆ. ನನಗೆ ಅದು ಬೇಸಿಗೆ ರಜೆಯ ವಾಸನೆ. ನಾನು ಊರು ಬಿಡುವ ಹೊತ್ತಿಗೆ, 1988ರಲ್ಲಿ, ಕನ್ವಲ್ ಗ್ರೋವರ್ ಅವರು ಅದೇ ನಂದಿ ಬೆಟ್ಟದ ಆಸುಪಾಸಿನಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳಿಂದ ವೈನ್ ಮಾಡುವ ಕಂಪನಿ ಕಟ್ಟಿದರು. ಆ ಕಂಪನಿಯೇ 2012ರಲ್ಲಿ ಇನ್ನೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಒಂದೇ ಸೀಮೆಯ ಕೆಂಪು ಮಣ್ಣು, ಅದೇ ಮಳೆ, ಅದೇ ಬಿಸಿಲು. ಒಂದು ದ್ರಾಕ್ಷಿ ಅಗ್ಗದ್ದಾಯಿತು, ಇನ್ನೊಂದು ದುಬಾರಿಯದಾಯಿತು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು ನಾನು. ದುಬಾರಿ ಅಂದ ಕೂಡಲೇ ಖರ್ಚಿನ ಬಾಬ್ತು ಬಿಡಿಸಿ ನೋಡುವುದು ರೂಢಿ. ಬಳ್ಳಿಯಲ್ಲಿ ಗೊಂಚಲು ಕಡಿಮೆ ಬಿಟ್ಟು ಬೆಳೆದರೆ ಖರ್ಚು ಜಾಸ್ತಿ. ಓಕ್ ಮರದ ಪೀಪಾಯಿಗೆ ಖರ್ಚು. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಅಷ್ಟು ದಿನ ಬಂಡವಾಳ ಮಲಗಿತು, ಬಡ್ಡಿ ಓಡಿತು. ಈ ಖರ್ಚುಗಳು ರುಚಿಗೂ ಏನೋ ಸೇರಿಸುತ್ತವೆ, ಒಪ್ಪೋಣ. ಆದರೆ ವಿದೇಶಿ ವೈನಿನ ಮೇಲೆ ನಮ್ಮ ದೇಶ ವರ್ಷಗಟ್ಟಲೆ ಹಾಕುತ್ತಾ ಬಂದ ಮೂಲ ಆಮದು ಸುಂಕವೇ ಶೇ. 150. ಸುಂಕಕ್ಕೆ ಯಾವ ರುಚಿ? 2000ದಲ್ಲಿ ನಾಸಿಕದ ಸುಲಾ ತನ್ನ ಮೊದಲ ವೈನ್ ಹೊರತಂದಿತು. ಮರುವರ್ಷ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ಒಂದು ನೀತಿ ಮಾಡಿ ರಾಜ್ಯದ ವೈನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಹಾಗಾಗಿ ನಾಸಿಕದ ಬಾಟಲಿ ಚೆಂಬೂರಿನಲ್ಲಿ ನಮ್ಮಂಥವರ ಕೈಗೆಟುಕಿತು. ರಾಜ್ಯದ ಗಡಿ ದಾಟಿದರೆ ಅದೇ ಬಾಟಲಿಗೆ ಬೇರೆ ಬೆಲೆ. ಒಳಗಿನ ರಸ ಮಾತ್ರ ಗಡಿಯಲ್ಲಿ ಬದಲಾಗುವುದಿಲ್ಲ.

ಹಾಗಾದರೆ ರುಚಿಯ ವಿಷಯದಲ್ಲಿ ಬೆಲೆ ಬರೀ ಮೋಸವೇ? 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ವೈನ್ ವ್ಯಾಪಾರಿ ಫ್ರಾನ್ಸಿನ ಹೆಸರಾಂತ ತಜ್ಞರನ್ನು ಕೂರಿಸಿ, ಹೆಸರು ಮರೆಮಾಡಿ ಫ್ರೆಂಚ್ ಮತ್ತು ಕ್ಯಾಲಿಫೋರ್ನಿಯಾ ವೈನ್ ಕುಡಿಸಿದ. ಬಿಳಿ, ಕೆಂಪು ಎರಡರಲ್ಲೂ ಗೆದ್ದದ್ದು ಯಾರೂ ಲೆಕ್ಕಕ್ಕಿಡದ ಕ್ಯಾಲಿಫೋರ್ನಿಯಾ. 2008ರಲ್ಲಿ ಅಮೆರಿಕದಿಂದ ಎರಡು ಅಧ್ಯಯನಗಳು ಪ್ರಕಟವಾದವು. ಒಂದರಲ್ಲಿ, ಬೆಲೆ ತಿಳಿಸದೆ ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳ ಲೆಕ್ಕ ನೋಡಿದಾಗ, ಸಾಮಾನ್ಯ ಜನ ದುಬಾರಿಯದನ್ನು ಮೆಚ್ಚುವುದಿರಲಿ, ಒಂದು ಕೂದಲೆಳೆಯಷ್ಟು ಕಡಿಮೆಯೇ ಮೆಚ್ಚಿದ್ದರು. ಇನ್ನೊಂದರಲ್ಲಿ 20 ಜನರಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟು, ಆ ಹೊತ್ತಿಗೆ ಅವರ ಮಿದುಳಿನ ಚಿತ್ರ ತೆಗೆದರು. 90 ಎಂದಾಗ ಹೆಚ್ಚು ಚೆನ್ನಾಗಿದೆ ಎಂದರು. ಅಷ್ಟೇ ಅಲ್ಲ, ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗ ಕೂಡ ಹೆಚ್ಚು ಕೆಲಸ ಮಾಡಿತ್ತು.

ಈ ಕೊನೆಯದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಂದರೆ ಅವರು ಸುಳ್ಳು ಹೇಳಲಿಲ್ಲ. ಬೆಲೆ ಕೇಳಿ ಅವರಿಗೆ ನಿಜವಾಗಿಯೇ ಹೆಚ್ಚು ಸುಖವಾಗಿತ್ತು. ಆದರೆ ಆ ಸುಖದಲ್ಲಿ ಅವರ ಸ್ವಂತದ್ದು ಎಷ್ಟು? ಸಾಲದ ದುಡ್ಡು ಕೂಡ ಖಾತೆಯಲ್ಲಿ ಜಮೆಯಾಗಿಯೇ ಕಾಣುತ್ತದೆ, ಹಾಗಂತ ಅದು ನಮ್ಮ ಉಳಿತಾಯವೇ?

ಇಷ್ಟು ಓದಿ ‘ನೋಡಿದ್ರಾ, ಎಲ್ಲಾ ಬೂಟಾಟಿಕೆ’ ಅಂತ ಕೈತೊಳೆದುಕೊಂಡರೆ ಅದೂ ಅವಸರವೇ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಬಗ್ಗೆ ಬರೆದ ಪ್ರಬಂಧದಲ್ಲಿ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಒಂದು ಪ್ರಸಂಗ ತರುತ್ತಾನೆ. ಇಬ್ಬರು ಒಂದು ಪೀಪಾಯಿಯ ವೈನ್ ರುಚಿ ನೋಡಿದರು. ಚೆನ್ನಾಗಿದೆ, ಆದರೆ ಚೂರು ಚರ್ಮದ ರುಚಿ ಎಂದ ಒಬ್ಬ. ಚೂರು ಕಬ್ಬಿಣದ ರುಚಿ ಎಂದ ಇನ್ನೊಬ್ಬ. ಸುತ್ತಲಿದ್ದವರು ನಕ್ಕರು. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಕಬ್ಬಿಣದ ಕೀಲಿಕೈ ಸಿಕ್ಕಿತು! ನಮ್ಮ ಶಾಖೆಗೆ ಚಿನ್ನದ ಸಾಲದ ದಿನ ಬರುತ್ತಿದ್ದ ಅಕ್ಕಸಾಲಿಗರೂ ಹಾಗೇ. ನಮ್ಮ ಕಣ್ಣಿಗೆ ಎರಡೂ ಬಳೆ ಹಳದಿ. ಅವರು ಒರೆಗಲ್ಲಿಗೆ ತಿಕ್ಕಿ, ಇದು ಕಡಿಮೆ ಸರ್ ಅನ್ನುತ್ತಿದ್ದರು. ಪಳಗಿದ ನಾಲಿಗೆ, ಪಳಗಿದ ಕಣ್ಣು ಅನ್ನುವುದು ನಿಜವಾಗಿ ಇದೆ. ಮೇಲೆ ಹೇಳಿದ 6,000 ಪರೀಕ್ಷೆಗಳಲ್ಲೂ ವೈನಿನ ತರಬೇತಿ ಪಡೆದವರ ಕತೆ ಸ್ವಲ್ಪ ಬೇರೆಯೇ ಇತ್ತು. ಆದರೆ ಅಕ್ಕಸಾಲಿಗರು ಬಳೆ ತಂದ ಹೆಂಗಸಿನ ಸೀರೆ ನೋಡಿ ಕ್ಯಾರೆಟ್ ಹೇಳುತ್ತಿರಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣವಾದ ಒಂದು ಘಟನೆ ಇದೆ. ಬ್ಯಾಂಕಿನಲ್ಲಿ ನನಗೊಬ್ಬ ಗೆಳೆಯನಿದ್ದ, ಮಂಗಳೂರಿನ ಕ್ರೈಸ್ತ. ಮನೆ ಚೆಂಬೂರಿನಲ್ಲೇ. ಅವನ ಹೆಂಡತಿಯನ್ನು ನಾವೆಲ್ಲ ಬಾಯಿ ಎಂದೇ ಕರೆಯುತ್ತಿದ್ದೆವು. ಕ್ರಿಸ್ಮಸ್ಸಿಗೆ ತಿಂಗಳ ಮುಂಚೆ ಅವರು ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟು, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ವೈನ್ ಇಡುತ್ತಿದ್ದರು. ದಿನಾ ಮರದ ಸೌಟಿನಲ್ಲಿ ತಿರುವುವುದು, ಮೂರು ವಾರಕ್ಕೆ ಸೋಸುವುದು. ಅತ್ತೆಯಿಂದ ಕಲಿತದ್ದಂತೆ. ಹಬ್ಬದ ಸಂಜೆ ಕುಸ್ವಾರ್ ತಟ್ಟೆಯ ಜೊತೆ ಪುಟ್ಟ ಗ್ಲಾಸಿನಲ್ಲಿ ಎಲ್ಲರಿಗೂ ಕೊಡುವರು. ಒಂದು ವರ್ಷ ಬ್ಯಾಂಕಿನ ಮೇಲಧಿಕಾರಿಯೊಬ್ಬರು ಬಂದಿದ್ದರು. ವಿದೇಶ ಸುತ್ತಿದವರು. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟು, “ಇದು ವೈನ್ ಅಲ್ಲ ಮೇಡಂ, ಶರಬತ್ತು” ಎಂದರು. ನಗು ಬಂದವರು ನಕ್ಕರು. ಬಾಯಿ, “ನಮ್ಮಲ್ಲಿ ಹೀಗೇ ಮಾಡುವುದು ಸರ್” ಅಂದು ಟ್ರೇ ಒಳಗೆ ತೆಗೆದುಕೊಂಡು ಹೋದರು. ಮರುವರ್ಷ ಮೇಜಿನ ಮೇಲೆ ಅಂಗಡಿಯ ಬಾಟಲಿ ಇತ್ತು. ಅದರ ಮರುವರ್ಷವೂ. ಭರಣಿ ಮತ್ತೆ ಕೆಳಗಿಳಿಯಲಿಲ್ಲ.

ಆ ಅಧಿಕಾರಿ ಹೇಳಿದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಬಾಯಿಯ ವೈನಿನಲ್ಲಿ ಸಕ್ಕರೆ ಮುಂದು. ಒರೆಗಲ್ಲಿಗೆ ಹಚ್ಚಿದರೆ ಅದು ನಿಲ್ಲುತ್ತಿರಲಿಲ್ಲ. ಆದರೆ ಒಂದು ವಸ್ತುವಿಗೆ ಮೂರು ಪ್ರತ್ಯೇಕ ಖಾತೆಗಳಿವೆ ಎಂದು ನನಗೆ ತೋರುತ್ತದೆ. ಬೆಲೆ ಒಂದು, ಗುಣ ಒಂದು, ಇಷ್ಟ ಒಂದು. ಬೆಲೆ ಅಂಗಡಿಯವನಿಗೆ ಗೊತ್ತು. ಗುಣ ಪಳಗಿದವನಿಗೆ ಗೊತ್ತು. ಇಷ್ಟ ಮಾತ್ರ ಕುಡಿದವನೊಬ್ಬನಿಗೇ ಗೊತ್ತು. ಒಂದು ಖಾತೆಯ ಮೊತ್ತವನ್ನು ಇನ್ನೊಂದಕ್ಕೆ ಬರೆದರೆ ಬ್ಯಾಂಕಿನ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಹೆಸರಿಲ್ಲ. ಅಧಿಕಾರಿ ಮಾಡಿದ್ದು ಅದೇ. ಗುಣದ ಬಗ್ಗೆ ತನಗೆ ಗೊತ್ತಿದ್ದದ್ದನ್ನು, ಒಂದು ಮನೆಯ ಇಷ್ಟವನ್ನು ಕೀಳು ಮಾಡಲು ಬಳಸಿದರು.

ಇದೇ ತಪ್ಪಿನ ಇನ್ನೊಂದು ಮುಖ ಊರಿಗೆ ಹೋದಾಗ ಕಾಣುತ್ತದೆ. ಮಗಳು ತಂದುಕೊಟ್ಟ ದುಬಾರಿ ಬಾಟಲಿಯ ಮಾತು ಬಂದರೆ ನಮ್ಮ ದೊಡ್ಡಪ್ಪನ ಮಗ, “ಅಷ್ಟು ದುಡ್ಡಿಗೆ ಒಂದು ಮೂಟೆ ಅಕ್ಕಿ ಬರ್ತಿತ್ತಲ್ಲೋ” ಅನ್ನುತ್ತಾನೆ. ಈ ಪ್ರಶ್ನೆಯನ್ನು ನಾನು ನಕ್ಕು ತಳ್ಳಲಾರೆ. ಅಕ್ಕಿ ಇಲ್ಲದ ಮನೆಗಳು ಇರುವ ದೇಶ ನಮ್ಮದು. ಆದರೆ ಅದು ನಮ್ಮ ಜೇಬಿನ ಬಗೆಗಿನ ಪ್ರಶ್ನೆ. ರೇಷ್ಮೆ ಸೀರೆಗೂ, ಮದುವೆ ಚಪ್ಪರಕ್ಕೂ ಅದನ್ನೇ ಕೇಳಬೇಕಾಗುತ್ತದೆ. ಅಗ್ಗದ್ದನ್ನು ಕುಡಿಯುವವನು ಪ್ರಾಮಾಣಿಕ, ದುಬಾರಿಯದನ್ನು ಮೆಚ್ಚುವವನು ಆಡಂಬರದವನು ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಮಗಳ ಬಾಟಲಿ ನನಗೆ ನಿಜವಾಗಿಯೂ ಇಷ್ಟವಾಯಿತು. ಕಾಗದ ಸುತ್ತಿ ಕುಡಿದಾಗಲೂ ಇಷ್ಟವಾಯಿತು. ನಾಸಿಕದ ಸಾಧಾರಣ ಬಾಟಲಿಯೂ ಇಷ್ಟ.

ಹೊರನಾಡಿನಲ್ಲಿ ಬದುಕುವವರಿಗೆ ಈ ವಿಷಯ ಸ್ವಲ್ಪ ಹೆಚ್ಚು ತಾಗುತ್ತದೆ. ಊರು ಬಿಟ್ಟು ಬಂದವನು ಭಾಷೆ ಬದಲಿಸಿಕೊಳ್ಳುತ್ತಾನೆ, ಉಡುಪು ಬದಲಿಸಿಕೊಳ್ಳುತ್ತಾನೆ. ಹೊಸ ಊರಿನ ರುಚಿ ಕಲಿಯುವುದು ಸಂತೋಷವೇ. ಚೆಂಬೂರಿನ ಸಿಂಧಿಗಳ ದಾಲ್ ಪಕ್ವಾನ್ ನನಗೆ ಈಗ ನಮ್ಮ ಮನೆಯ ತಿಂಡಿಯಷ್ಟೇ ಹತ್ತಿರ. ಆದರೆ ಕಲಿಯುವುದು ಬೇರೆ, ಹಳೆಯದಕ್ಕೆ ನಾಚುವುದು ಬೇರೆ. ನಾಚಿಕೆಯನ್ನು ನಾವೇ ಕಲಿಯುವುದಿಲ್ಲ, ಯಾರೋ ಒಬ್ಬರು ಗ್ಲಾಸು ಕೆಳಗಿಟ್ಟು ಕಲಿಸುತ್ತಾರೆ.

ಗೆಳೆಯ ಈಗಿಲ್ಲ. ಬಾಯಿಗೆ ಕೈ ನಡುಗುತ್ತದೆ. ಹೋದ ಕ್ರಿಸ್ಮಸ್ಸಿಗೆ ಅವರ ಸೊಸೆ ಭರಣಿ ಕೆಳಗಿಳಿಸಿದ್ದಾಳೆ. ನಾನು ಹೋದಾಗ ಗ್ಲಾಸು ಕೊಟ್ಟು, “ಅಂಕಲ್, ಸಿಹಿ ಜಾಸ್ತಿ ಆಯ್ತಾ?” ಎಂದು ಕೇಳಿದಳು. “ಹೌದಮ್ಮ, ಜಾಸ್ತಿ ಆಗಿದೆ” ಎಂದೆ. ಮತ್ತೆ ಇನ್ನೊಂದು ಗ್ಲಾಸು ಹಾಕಿಸಿಕೊಂಡೆ.