ಕರೆಯದೆ ಬಂದ ಅತಿಥಿ

ಮನೆಗೆ ಬಂದವನನ್ನು ಸತ್ಕರಿಸುವ ಬಗೆ ಎಂತಹುದೆಂಬುದನ್ನು ಈ ನಾಡಿನ ಹಿರಿಯರು ಬಹಳವಾಗಿ ಹೇಳಿದ್ದಾರೆ. ಬಂದವನು ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ಅಷ್ಟಾಗಿ ಹೇಳಿಲ್ಲ. ವನವಾಸದಲ್ಲಿದ್ದ ಪಾಂಡವರ ಬಳಿಗೆ ದೂರ್ವಾಸ ಮುನಿಯು ಶಿಷ್ಯಸಮೂಹದೊಡನೆ ಬಂದ ಕಥೆಯನ್ನು ಕೇಳಿದವರೆಲ್ಲರೂ ದ್ರೌಪದಿಯ ಕಳವಳಕ್ಕಾಗಿ ಮರುಗುತ್ತಾರೆ. ಊಟದ ಹೊತ್ತು ಮೀರಿದ ಮೇಲೆ ಅಷ್ಟು ಜನರನ್ನು ಕಟ್ಟಿಕೊಂಡು ಬರುವುದು ನ್ಯಾಯವೇ ಎಂದು ಮುನಿಯನ್ನು ಪ್ರಶ್ನಿಸುವವರು ವಿರಳ. ಆದರೂ ಅಲ್ಲಿ ಆತಿಥೇಯಳಿಗೆ ಬಾಯಿಯಿತ್ತು. ಅವಳ ಮೊರೆಯನ್ನು ಕೇಳುವ ಶ್ರೀಕೃಷ್ಣನೂ ಇದ್ದನು. ಬಾಯಿಲ್ಲದ ಆತಿಥೇಯನ ಮನೆಗೆ ಕರೆಯದೆ ಹೋದವನ ಧರ್ಮವೇನು? ಗೆಳೆಯರು ಕೂಡಿ ಡೇರೆಯನ್ನು ಹೇರಿಕೊಂಡು ಕಾಡು ಕಡಲುಗಳ ಕಡೆಗೆ ಹೊರಡುವ ಪದ್ಧತಿ ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಭದ್ರಾವತಿಯ ನಾಲ್ವರು ಗೆಳೆಯರು ಮೋಟಾರು ಗಾಡಿಯಲ್ಲಿ ಡೇರೆ, ಅಕ್ಕಿ, ಪಾತ್ರೆಗಳನ್ನಿಟ್ಟುಕೊಂಡು ಪಶ್ಚಿಮ ಸಮುದ್ರಕ್ಕೆ ಹೊರಟಿದ್ದಾರೆಂದು ಇಟ್ಟುಕೊಳ್ಳಬಹುದು. ಅವರ ಊರಿನ ಹೊಳೆ ಆ ಕಡೆಗೆ ಹರಿಯುವುದಿಲ್ಲ. ಭದ್ರೆಯು ಕೂಡಲಿಯಲ್ಲಿ ತುಂಗೆಯೊಡನೆ ಕೂಡಿ, ಮುಂದೆ ಕೃಷ್ಣೆಯನ್ನು ಸೇರಿ, ಪೂರ್ವಸಮುದ್ರವನ್ನು ಮುಟ್ಟುತ್ತದೆ. ಶಿವಮೊಗ್ಗ, ಸಾಗರ, ತಾಳಗುಪ್ಪಗಳನ್ನು ದಾಟಿ ಗೇರುಸೊಪ್ಪೆಯ ಕಡೆಗೆ ಘಟ್ಟವನ್ನಿಳಿಯುವವರಿಗೆ ಜೊತೆಯಾಗುವವಳು ಶರಾವತಿ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಅವಳಿಗೆ ಅಣೆಕಟ್ಟು ಕಟ್ಟಿ ಮುಗಿಸಿದಾಗ ಎಷ್ಟೋ ಹಳ್ಳಿಗಳೂ ಗದ್ದೆತೋಟಗಳೂ ಹಿನ್ನೀರಿನಲ್ಲಿ ಮುಳುಗಿದವು. ಇಂದು ನೋಡುವವನ ಕಣ್ಣಿಗೆ ಅಲ್ಲಿ ಕಾಣುವುದು ವಿಶಾಲವಾದ ಜಲರಾಶಿ ಮಾತ್ರ. ಬರಿದಾಗಿ ಕಾಣುವ ಸ್ಥಳವೆಲ್ಲ ಯಾರದೂ ಅಲ್ಲದ ಸ್ಥಳವಲ್ಲವೆಂಬ ಪಾಠವನ್ನು ಆ ದಾರಿಯೇ ಹೇಳುತ್ತದೆ. ಹರಟೆಯ ಭರದಲ್ಲಿ ಅದು ಕಿವಿಗೆ ಬೀಳುವುದು ಕಷ್ಟ.

ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವ ಅಳಿವೆಯ ತೆಂಕಣಕ್ಕೆ ಕಾಸರಕೋಡಿನ ಮರಳದಂಡೆಯಿದೆ. 2020ರಲ್ಲಿ ಅಲ್ಲಿಯ ಒಂದು ಭಾಗಕ್ಕೆ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಗೆಳೆಯರು ಪ್ರವಾಸಿಗರ ಗದ್ದಲವಿರುವ ಆ ಭಾಗವನ್ನು ಬಿಟ್ಟು ದೂರ ಸರಿಯುತ್ತಾರೆ. ಗಾಳಿಮರಗಳ ತೋಪು, ಉದ್ದಕ್ಕೂ ಮರಳು, ಅಲೆಯ ಸದ್ದು. ಕತ್ತಲಾಗುತ್ತಲೇ ಒಬ್ಬನು, “ಇಲ್ಲಿ ಯಾರೂ ಇಲ್ಲ, ಸೌದೆ ಒಟ್ಟಿ ದೊಡ್ಡ ಬೆಂಕಿ ಹಾಕೋಣ” ಎನ್ನುತ್ತಾನೆ.

ಯಾರೂ ಇಲ್ಲವೆಂಬ ಮಾತು ನಿಜವೇ? ಹಗಲಿನಲ್ಲಿ ಅಲ್ಲಿಯ ಮೀನುಗಾರ ಹೆಂಗಸರು ಮೀನನ್ನು ಹರಡಿ ಒಣಗಿಸುವುದು ಆ ಮರಳಿನ ಮೇಲೆಯೇ. ಅವರಿಗೆ ಅದು ವಿಹಾರಸ್ಥಳವಲ್ಲ, ಕಣ. ಒಕ್ಕಲಿಗನ ಕಣದಲ್ಲಿ ರಾತ್ರಿ ಬೆಂಕಿ ಹಾಕಿ ಬೂದಿಯನ್ನು ಕೆದರಿ ಹೋಗಲು ಮಲೆನಾಡಿನ ಯಾವ ಯುವಕನೂ ಒಪ್ಪಲಾರನು. ಇನ್ನು, ಚಳಿಗಾಲದಿಂದ ಬೇಸಗೆಯ ಮೊದಲವರೆಗೆ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಅದೇ ದಂಡೆಗೆ ರಾತ್ರಿಯಲ್ಲಿ ಬಂದು, ಮರಳನ್ನು ತೋಡಿ, ಒಂದೊಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಸುಮಾರು 45ರಿಂದ 60 ದಿನಗಳ ಮೇಲೆ ಮರಿಗಳು ಹೊರಬರುತ್ತವೆ, ಅದೂ ಹೆಚ್ಚಾಗಿ ರಾತ್ರಿಯಲ್ಲಿ. ಅವುಗಳಿಗೆ ದಾರಿ ತೋರುವ ತಾಯಿಯಿರುವುದಿಲ್ಲ. ಕತ್ತಲಲ್ಲಿ ನೆಲಕ್ಕಿಂತ ಕಡಲಿನ ಅಂಚು ಬೆಳ್ಳಗಿರುವುದರಿಂದ, ಬೆಳಕಿರುವ ಕಡೆ ನೀರಿದೆಯೆಂದು ನಂಬಿ ಹರಿದಾಡುವುದೇ ಅವುಗಳ ಹುಟ್ಟುಗುಣ. ದಂಡೆಯ ಮೇಲೆ ಮನುಷ್ಯನ ಬೆಳಕಿದ್ದರೆ ಅವು ಕಡಲಿಗೆ ಬೆನ್ನು ಮಾಡಿ ಆ ಕಡೆಗೆ ನಡೆಯುತ್ತವೆ. ನಾಯಿ, ಏಡಿ, ಹಕ್ಕಿಗಳಿಗೆ ತುತ್ತಾಗುತ್ತವೆ, ಇಲ್ಲವೇ ಬಿಸಿಲೇರಿದಾಗ ಒಣಗಿ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಈ ಪ್ರಾಣಿಯನ್ನು ತನ್ನ ಮೊದಲನೆಯ ಪಟ್ಟಿಯಲ್ಲಿಯೇ ಇಟ್ಟಿದೆ. ಆದರೆ ಶಾಸನವು ರಾತ್ರಿ ಎಚ್ಚರವಾಗಿದ್ದು ಪ್ರತಿಯೊಂದು ಡೇರೆಯನ್ನೂ ಕಾಯಲಾರದು.

ಇಲ್ಲಿ ಒಂದು ಆಕ್ಷೇಪವುಂಟು. “ಕಸವನ್ನು ಬಿಡುವುದಿಲ್ಲ, ಯಾರ ವಸ್ತುವನ್ನೂ ಮುಟ್ಟುವುದಿಲ್ಲ, ಬೆಳಗ್ಗೆ ಇದ್ದಂತೆಯೇ ಇಟ್ಟು ಹೊರಡುತ್ತೇವೆ, ಇನ್ನೇನು ತಪ್ಪು?” ಎಂದು ಸಜ್ಜನನಾದ ಪ್ರವಾಸಿಯು ಕೇಳಬಹುದು. ಶುಚಿತ್ವವು ಗುಣವೇ ಸರಿ. ಆದರೆ ಕೆಲವು ಕೇಡುಗಳು ಗುರುತನ್ನೇ ಉಳಿಸುವುದಿಲ್ಲ. ಬೂದಿಯನ್ನು ಹೂಳಬಹುದು, ಬೆಳಕಂತೂ ತಾನೇ ಹೋಗಿರುತ್ತದೆ, ದಾರಿತಪ್ಪಿದ ಮರಿಗಳ ಲೆಕ್ಕವನ್ನು ಇಟ್ಟವರಿಲ್ಲ. ಬೆಳಗಾದಾಗ ದಂಡೆಯೂ ಚೊಕ್ಕಟ, ಮನಸ್ಸೂ ಚೊಕ್ಕಟ. ಕಣ್ಣಿಗೆ ಕಂಡುದಕ್ಕೆ ಮಾತ್ರ ಹೊಣೆಗಾರನಾಗುವೆನೆನ್ನುವವನು, ತನಗೆ ತಿಳಿಯದ ಸೀಮೆಯಲ್ಲಿ ಬಹು ಸುಲಭವಾಗಿ ನಿರ್ದೋಷಿಯಾಗುತ್ತಾನೆ. ಆದುದರಿಂದ ಪರಸ್ಥಳದಲ್ಲಿ ಮೊದಲನೆಯ ಕರ್ತವ್ಯವು ಶುಚಿತ್ವವಲ್ಲ, ತಿಳಿದವರನ್ನು ಕೇಳುವುದು.

ಹಾಗಾದರೆ ಮನೆಯಲ್ಲಿಯೇ ಇರುವುದು ಮೇಲಲ್ಲವೇ ಎಂದರೆ, ಅದೂ ಉತ್ತರವಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಆರಂಭವಾದಾಗ, ಕುಲುಮೆಯ ಹೊಟ್ಟೆಗೆ ಬಿದ್ದುದು ಮಲೆನಾಡಿನ ಮರಗಳನ್ನು ಸುಟ್ಟ ಇದ್ದಿಲು. ಕಾಡಿಗೆ ಕಾಲಿಡದವನ ಮನೆಯ ಕಿಟಕಿಯ ಸಲಾಕೆಯಲ್ಲೂ ಕಾಡು ಕರಗಿರಬಹುದು. ಕುಳಿತಲ್ಲಿಯೇ ಕುಳಿತವನು ಋಣಮುಕ್ತನಲ್ಲ. ಅವನಿಗೆ ತನ್ನ ಋಣವು ಯಾರಿಗೆಂಬುದು ತಿಳಿಯದು, ಅಷ್ಟೆ. ಹೋಗಿ ನೋಡಿದವನಿಗೆ ಅದು ತಿಳಿಯುವ ಸಂಭವವಾದರೂ ಉಂಟು.

ನಿಜವಾದ ಪರೀಕ್ಷೆಯಿರುವುದು ಗೆಳೆತನದಲ್ಲಿ. ಆ ನಾಲ್ವರಲ್ಲಿ ಒಬ್ಬನಿಗೆ ಆಮೆಗಳ ವಿಚಾರ ಗೊತ್ತು. ಆದರೆ ಎಷ್ಟೋ ದಿನಗಳ ಮೇಲೆ ಕೂಡಿದ ಗೆಳೆಯರು, ಎಲ್ಲರಿಗೂ ಉಲ್ಲಾಸ. ಉಪದೇಶಿಯೆಂಬ ಹೆಸರನ್ನು ಏತಕ್ಕೆ ಹೊರಬೇಕು? ಅವನು ಸುಮ್ಮನಾಗುತ್ತಾನೆ. ಮತ್ತೊಬ್ಬನಿಗೆ ಒಳಗೊಳಗೆ ಅಳುಕು. ತಿಳಿದವನೇ ಸುಮ್ಮನಿರುವಾಗ ತನಗೇಕೆಂದುಕೊಳ್ಳುತ್ತಾನೆ. ಹೀಗೆ ಒಬ್ಬೊಬ್ಬನೇ ಇದ್ದರೆ ಯಾರೂ ಮಾಡದಿದ್ದ ಕೆಲಸವನ್ನು ನಾಲ್ವರೂ ಕೂಡಿ ಮಾಡುತ್ತಾರೆ. ಕೂಟದಲ್ಲಿ ಸಂತೋಷವು ಹಂಚಿದಷ್ಟೂ ಹೆಚ್ಚುತ್ತದೆ. ಹೊಣೆಯು ಹಂಚಿದಷ್ಟೂ ಕರಗುತ್ತದೆ.

ಕರಾವಳಿಯ ಹಳೆಯ ರಂಪಣಿ ಬಲೆ ಇದಕ್ಕೆ ಬೇರೆಯೇ ಒಂದು ನಿದರ್ಶನ. 1970ರ ದಶಕದ ಕೊನೆಯಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಹಬ್ಬುವವರೆಗೂ ಅದರ ಬಳಕೆ ವಿಶೇಷವಾಗಿತ್ತು. ದೋಣಿಯಿಂದ ಕಡಲಲ್ಲಿ ಬಲೆಯನ್ನು ಬಳಸಿ ಬಿಟ್ಟು, ಹತ್ತಾರು ಜನ ದಂಡೆಯ ಮೇಲೆ ನಿಂತು ಎರಡು ಕಡೆಯ ಹಗ್ಗಗಳನ್ನು ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಎಲ್ಲರಿಗೂ ಪಾಲಿರುತ್ತಿತ್ತು. ಉಳಿದವರು ಎಳೆದಾರೆಂದು ಪ್ರತಿಯೊಬ್ಬನೂ ಕೈ ಸಡಿಲಿಸಿದರೆ ಬಲೆ ದಂಡೆಗೆ ಬಾರದು. ಅಲ್ಲಿ ಜನ ಹೆಚ್ಚಿದುದರಿಂದ ಒಬ್ಬನ ಕೈಯ ಬೆಲೆ ಕಡಿಮೆಯಾಗಲಿಲ್ಲ. ಗೆಳೆತನವೂ ಅಂತಹದೇ ಹಗ್ಗವಾಗಬೇಕು.

ಆ ನಾಲ್ವರಲ್ಲಿ ಒಬ್ಬನು ಬೇಸರಕ್ಕೆ ಅಂಜದೆ, “ಬೆಂಕಿ ಬೇಡಪ್ಪ, ಮೊದಲು ಯಾರನ್ನಾದರೂ ಕೇಳೋಣ” ಎನ್ನುವನೆಂದು ಇಟ್ಟುಕೊಳ್ಳಬಹುದು. ಸ್ವಲ್ಪ ಹೊತ್ತು ಮುನಿಸು, ಗೇಲಿ. ಆಮೇಲೆ ನಾಲ್ವರೂ ದೂರದಲ್ಲಿ ದೀಪವಿರುವ ಮನೆಯ ಅಂಗಳಕ್ಕೆ ಹೋಗಿ, “ಅಮ್ಮಾ, ಇಲ್ಲಿ ಎಲ್ಲಿ ತಂಗಬಹುದು?” ಎಂದು ಕೇಳುತ್ತಾರೆ. ಆಕೆ ಮೀನು ಒಣಗಿಸುವ ಎಡೆಯನ್ನೂ ಆಮೆಯ ಗೂಡಿರುವ ಎಡೆಯನ್ನೂ ಬಿಟ್ಟು ಬೇರೊಂದು ಜಾಗವನ್ನು ತೋರಿಸಬಹುದು. ಇಲ್ಲಿ ಬೇಡವೆಂದು ಹಿಂದಕ್ಕೆ ಕಳುಹಿಸಲೂಬಹುದು. ಎರಡಕ್ಕೂ ಸಿದ್ಧನಾಗಿ ಕೇಳಿದವನೇ ನಿಜವಾಗಿ ಕೇಳಿದವನು. ಆ ರಾತ್ರಿ ಅವರು ಕತ್ತಲಲ್ಲಿ ಕುಳಿತು ತಣ್ಣನೆಯ ಬುತ್ತಿಯನ್ನುಣ್ಣಬೇಕಾದೀತು. ಆದರೆ ಕರೆಯದೆ ಬಂದವರು ಆ ಅಂಗಳದಲ್ಲಿ ನಿಂತು ಕೇಳಿದಾಗಲೇ ಅತಿಥಿಗಳಾದರು.