ಮಾರ್ಥಳ ಅಡುಗೆಮನೆ, ನಮ್ಮ ನೀರುದೋಸೆ

ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದು ನೇರ ಇಲ್ಲಿ ಕೂತ ಮಕ್ಕಳು ಕೆಲವರಿದ್ದೀರಿ, ಕಣ್ಣು ನೋಡಿದ್ರೆ ಗೊತ್ತಾಗ್ತದೆ. ಪರವಾಗಿಲ್ಲ, ಇವತ್ತಿನ ವಿಷಯ ಊಟದ್ದು. ನಿದ್ದೆ ಬರ್ಲಿಕ್ಕಿಲ್ಲ. ದೇವರಿಗೆ ಸ್ತೋತ್ರ!

ಲೂಕ 10ನೇ ಅಧ್ಯಾಯ, 38ರಿಂದ 42ನೇ ವಚನ ತೆಗೆಯಿರಿ. ಯೋಹಾನ 21ಕ್ಕೂ ಒಂದು ಬೆರಳು ಇಟ್ಟುಕೊಳ್ಳಿ. ಮೊಬೈಲಿನವರು ಎಲ್ಲಿ ಇಡ್ತೀರೋ ನನಗೆ ಗೊತ್ತಿಲ್ಲ.

ವಾಕ್ಯಕ್ಕೆ ಹೋಗುವ ಮೊದಲು ನನ್ನದೊಂದು ತಪ್ಪು ಹೇಳ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಬಿ.ಸಿ.ರೋಡಿನ ನಮ್ಮ ಮನೆಯಲ್ಲಿ ಶುಕ್ರವಾರದ ಮನೆಕೂಟ. ಹಿಂದಿನ ವಾರ ಮೂಡಬಿದಿರೆಯ ಒಂದು ಕುಟುಂಬ ಭರ್ಜರಿ ಊಟ ಹಾಕಿತ್ತು. ನಾವು ಕಮ್ಮಿಯಾಗಬಾರದಲ್ಲ? ನೀರುದೋಸೆ, ಕೋಳಿ ಗಸಿ, ಗೋಳಿಬಜೆ, ಪಾಯಸ ಅಂತ ತೀರ್ಮಾನ ಆಯ್ತು. ಮಧ್ಯಾಹ್ನ ಮೂರು ಗಂಟೆಗೇ ನನಗೂ ನನ್ನ ಹೆಂಡತಿಗೂ ಜಗಳ. ಯಾವುದಕ್ಕೆ? ಕರ್ಟನ್ ಒಗೆದಿಲ್ಲ ಅಂತ! ಕರ್ಟನ್ ನೋಡ್ಲಿಕ್ಕೆ ಯಾರಾದ್ರೂ ಪ್ರಾರ್ಥನೆಗೆ ಬರ್ತಾರಾ ಮಾರಾಯ್ರೇ?

ವೇಣೂರು ಕಡೆಯಿಂದ ಒಬ್ಬ ತಮ್ಮ ಒಂದು ಗಂಟೆ ಮೊದಲೇ ಬಂದ. ಅವನನ್ನು ಹಾಲಿನಲ್ಲಿ ಕೂರಿಸಿ, ಫ್ಯಾನ್ ಹಾಕಿ, ನಾನು ಒಳಗೆ ತೆಂಗಿನಕಾಯಿ ತುರಿಯಲಿಕ್ಕೆ ಹೋದೆ. ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಪಾಸ್ಟರ್, ಒಂದೆರಡು ನಿಮಿಷ..." ಅಂದ. "ಈಗ ಬಂದೆ ಬ್ರದರ್, ನೀವು ಕೂತ್ಕೊಳ್ಳಿ" ಅಂದೆ. ಕೂಟ ಆಯ್ತು, ಊಟ ಆಯ್ತು, ದೋಸೆಗೆ ಎಲ್ಲರಿಂದ ಹೊಗಳಿಕೆ ಬಂತು. ಕೊನೆಯ ಬಸ್ಸಿಗೆ ಅವನು ಹೊರಟ.

ಎರಡು ವಾರ ಆದ ಮೇಲೆ ಗೊತ್ತಾಯ್ತು. ಅವನ ಕೆಲಸ ಹೋಗಿತ್ತು. ಮನೆಯಲ್ಲಿ ಹೇಳದೆ ದಿನಾ ಬೆಳಿಗ್ಗೆ ಬ್ಯಾಗ್ ಹಾಕಿ ಹೊರಡುತ್ತಿದ್ದ. ಅದನ್ನು ಹೇಳ್ಲಿಕ್ಕೆ ನಮ್ಮ ಮನೆಗೆ ಬೇಗ ಬಂದದ್ದು. ಆ ಎರಡು ವಾರದೊಳಗೆ ಮೊಬೈಲ್ ಆಪ್‌ನಲ್ಲಿ ಸಾಲ ತೆಗೆದುಕೊಂಡಿದ್ದ. ಅದು ತೀರ್ಲಿಕ್ಕೆ ಒಂದೂವರೆ ವರ್ಷ ಹಿಡಿಯಿತು. ನಾವು ಅವನಿಗೆ ಎಂಟು ದೋಸೆ ಬಡಿಸಿದ್ದೆವು. ಎರಡು ನಿಮಿಷ ಕೊಡ್ಲಿಲ್ಲ.

ಈಗ ಮಾರ್ಥಳನ್ನು ನೋಡಿ. ಪಾಪ, ಎಲ್ಲ ಪ್ರಸಂಗದಲ್ಲೂ ಅವಳಿಗೆ ಬೈಗುಳವೇ. ಆದರೆ ಯೇಸುವನ್ನು ಮನೆಗೆ ಬರಮಾಡಿಕೊಂಡದ್ದು ಯಾರು? 38ನೇ ವಚನದಲ್ಲಿ ಅವಳ ಹೆಸರೇ ಉಂಟು. ಅವಳು ಬಾಗಿಲು ತೆಗೆಯದಿದ್ರೆ ಮರಿಯಳು ಪಾದದ ಹತ್ತಿರ ಕೂತುಕೊಳ್ಳುವುದು ಎಲ್ಲಿ? ಯೋಹಾನ 12ರಲ್ಲಿ ಬೇಥಾನ್ಯದಲ್ಲಿ ಮತ್ತೆ ಊಟ, ಅಲ್ಲಿಯೂ ಬಡಿಸುವವಳು ಮಾರ್ಥಳೇ. ಆದರೆ ಅಲ್ಲಿ ಅವಳ ಗೊಣಗಾಟದ ಮಾತೇ ಇಲ್ಲ. ಅಡುಗೆ ಮಾಡಬೇಡ ಅಂತ ಕರ್ತನು ಹೇಳಲಿಲ್ಲ ಪ್ರಿಯರೇ. ಎರಡು ಸಲ ಹೆಸರು ಹಿಡಿದು ಕರೆದನು. ಯಾಕೆ? ನಿನ್ನ ಮನೆಗೆ ಬಂದದ್ದು ನಿನ್ನನ್ನು ನೋಡ್ಲಿಕ್ಕೆ, ನೀನೇ ಕಾಣ್ತಾ ಇಲ್ಲ ಅಂತ. ಆಮೆನ್ ಹೇಳಿ.

ನಮ್ಮ ಊರಿನ ಭಾಷೆಯಲ್ಲಿ ಹೇಳ್ತೇನೆ. ನೀರುದೋಸೆ ಮಾರ್ಥಳ ತಿಂಡಿ. ಬಿಸಿ ಬಿಸಿ ತಿನ್ನಬೇಕು, ಕಾವಲಿ ಬಿಟ್ಟು ಅಲ್ಲಾಡ್ಲಿಕ್ಕೆ ಆಗುವುದಿಲ್ಲ. ಗೋಳಿಬಜೆಯೂ ಹಾಗೆಯೇ. ಕೋರಿ ರೊಟ್ಟಿ ಮರಿಯಳ ಊಟ! ರೊಟ್ಟಿ ಅಂಗಡಿಯಲ್ಲಿ ಪ್ಯಾಕೆಟ್ ಸಿಗ್ತದೆ. ಗಸಿ ಹಿಂದಿನ ದಿನವೇ ಮಾಡಿಟ್ಟರೆ ಮರುದಿನ ಇನ್ನೂ ರುಚಿ. ಜನ ಬಂದಾಗ ಬಿಸಿ ಮಾಡಿದ್ರೆ ಆಯ್ತು, ನೀವೂ ಕೂತ್ಕೊಳ್ಬಹುದು. ಅದೂ ಕಷ್ಟ ಆದ್ರೆ ಕುಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಮಳೆಗಾಲದ ರಾತ್ರಿ ಗಂಜಿ ಬೇಡ ಅಂದವರನ್ನು ನಾನು ಇವತ್ತಿಗೂ ನೋಡಿಲ್ಲ. ನಗಬೇಡಿ, ಇದು ಆತ್ಮಿಕ ವಿಷಯವೇ.

ಯಾಕಂದ್ರೆ ಒಂದೊಂದು ಮನೆಯ ಊಟ ದೊಡ್ಡದಾಗುತ್ತಾ ಹೋದ ಹಾಗೆ ಕೂಟಕ್ಕೆ ಕರೆಯುವ ಮನೆಗಳು ಕಮ್ಮಿಯಾದವು. ಬೆಳ್ತಂಗಡಿಯ ಒಬ್ಬ ತಂಗಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸುವವಳು. ಮೊದಲೆಲ್ಲ ಅವಳ ಮನೆಯಲ್ಲೂ ಕೂಟ ಇತ್ತು, ಕಪ್ಪು ಚಾ, ಅವಲಕ್ಕಿ. ನಮ್ಮ ಪಾಯಸ ಶುರುವಾದ ಮೇಲೆ ಅವಳು ಕರೆಯುವುದನ್ನೇ ಬಿಟ್ಟಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ನಮ್ಮ ಟೇಬಲ್ಲೇ ಹೇಳಿತ್ತು.

ಹಿಂದಿನ ಕಾಲದಲ್ಲಿ ತುಳುನಾಡಿನ ಮನೆಗೆ ಯಾರು ಬಂದರೂ ಮೊದಲು ಏನು ಕೊಡ್ತಿದ್ದರು? ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಬಿಸಿಲಲ್ಲಿ ನಡೆದು ಬಂದವನ ಆಯಾಸ ಇಳಿಯಲಿಕ್ಕೆ. ಆಮೇಲೆ ಎದುರು ಕೂತು "ಎಂಚ ಉಲ್ಲರ್?" ಅಂತ ಕೇಳುವುದು. ಅಷ್ಟೇ ಸತ್ಕಾರ. ಅದಕ್ಕೆ ಬಡವ, ಶ್ರೀಮಂತ ಅಂತ ಇರಲಿಲ್ಲ.

ಯೋಹಾನ 21ಕ್ಕೆ ಬನ್ನಿ. ತಿಬೇರಿಯ ಸಮುದ್ರದ ದಡ, ಬೆಳಗಿನ ಹೊತ್ತು. ಮರಣವನ್ನು ಗೆದ್ದ ಕರ್ತನು ಊಟಕ್ಕೆ ಕರೆಯುತ್ತಿದ್ದಾನೆ. ಎಂಥ ಮೆನು ಇರಬಹುದಿತ್ತು! ಆದರೆ ಇದ್ದದ್ದು ಕೆಂಡ, ಮೀನು, ರೊಟ್ಟಿ. ಇನ್ನೊಂದು ಗಮನಿಸಿ, 10ನೇ ವಚನ. ನೀವು ಹಿಡಿದ ಮೀನಿನಲ್ಲೂ ಕೆಲವನ್ನು ತನ್ನಿ ಅನ್ನುತ್ತಾನೆ. ಐದು ಸಾವಿರ ಜನರಿಗೆ ಊಟ ಕೊಟ್ಟವನಿಗೆ ಮೀನಿಗೆ ಬರವಾ? ಬಂದವರಿಂದಲೂ ತೆಗೆದುಕೊಳ್ಳುವುದಕ್ಕೆ ಆತನಿಗೆ ನಾಚಿಕೆ ಇರಲಿಲ್ಲ. ನಮಗೆ ಯಾರಾದ್ರೂ "ಅಕ್ಕ, ನಾನೊಂದು ಪಲ್ಯ ತರ್ಲಾ?" ಅಂದ್ರೆ "ಛೇ ಬೇಡ ಬೇಡ" ಅಂತೇವೆ. ಅದು ಪ್ರೀತಿ ಅಲ್ಲ, ಮರ್ಯಾದೆಯ ಪ್ರಶ್ನೆ. ತರ್ಲಿ. ಪಾತ್ರೆಯನ್ನೂ ಅವರೇ ತೊಳೆಯಲಿ.

ಊಟ ಮುಗಿದ ಮೇಲೆ, 15ನೇ ವಚನ, ಪೇತ್ರನ ಜೊತೆ ಮಾತು. ಮೂರು ಸಲ ಗೊತ್ತೇ ಇಲ್ಲ ಅಂದವನು, ಅದೂ ಒಂದು ಕೆಂಡದ ಬೆಂಕಿಯ ಹತ್ತಿರವೇ. ಆ ಮಾತಿಗೋಸ್ಕರವೇ ಆ ಊಟ ಅಂತ ನನಗೆ ಅನ್ನಿಸ್ತದೆ. ಮುಂದೆ ಅದೇ ಪೇತ್ರ ತನ್ನ ಮೊದಲನೆಯ ಪತ್ರ 4:9ರಲ್ಲಿ ಗೊಣಗದೆ ಅತಿಥಿಸತ್ಕಾರ ಮಾಡಿ ಅಂತ ಬರೆಯುತ್ತಾನೆ. ಆ ಮೀನು ತಿಂದವನು ಬರೆದದ್ದು ಅದು.

ನೆರೆಹೊರೆಯವರನ್ನೂ ಕರೆಯಿರಿ. ಮೂಡಬಿದಿರೆಯ ಜೈನ ಸ್ನೇಹಿತರು ಬರುವುದಾದರೆ ಸೂರ್ಯ ಮುಳುಗುವ ಮೊದಲೇ ಇಟ್ಟುಕೊಳ್ಳಿ, ಹಣ್ಣು, ಬೊಂಡ ಸಾಕು. ಬಂಟ್ವಾಳದ ಬ್ಯಾರಿ ಗೆಳೆಯ ಬಂದ್ರೆ ಕೋಳಿ ಹಲಾಲ್ ಅಂಗಡಿಯಿಂದ ತನ್ನಿ, ಇಲ್ಲವಾದರೆ ಮೀನು ಮಾಡಿ. ಮತ್ತೆ ಒಂದು ಮಾತು: ಊಟಕ್ಕೆ ಕರೆದರೆ ಊಟಕ್ಕೇ ಕರೆಯಿರಿ. ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಅಲ್ಲ.

ಪಿಜಿಯಲ್ಲಿ, ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಇರುವವರು "ನಮ್ಮದು ಮನೆಯಾ ಪಾಸ್ಟರ್?" ಅಂತೀರಿ. ಚಾಪೆ ಉಂಟಲ್ಲ? ನೀರು ಉಂಟಲ್ಲ?

ಮುಂದಿನ ಶುಕ್ರವಾರದ ಕೂಟ ಬೆಳ್ತಂಗಡಿಯಲ್ಲಿ, ಆ ತಂಗಿಯ ಮನೆಯಲ್ಲಿ. ನಾವೇ ಹೋಗಿ ಕ್ಷಮೆ ಕೇಳಿ ಬಂದೆವು, ಅವಳು ಒಪ್ಪಿದ್ದಾಳೆ. ಕಪ್ಪು ಚಾ, ಅವಲಕ್ಕಿ. ಅದಕ್ಕಿಂತ ಹೆಚ್ಚು ಏನಾದ್ರೂ ತಂದವರು ವಾಪಸ್ ತೆಗೆದುಕೊಂಡು ಹೋಗಬೇಕು. ಏಳೂವರೆಗೆ ಶುರು, ಒಂಬತ್ತಕ್ಕೆ ಮುಕ್ತಾಯ. ಯಾರಿಗಾದ್ರೂ ಏನಾದ್ರೂ ಹೇಳ್ಲಿಕ್ಕೆ ಇದ್ರೆ ಆರೂವರೆಗೇ ಬನ್ನಿ. ನಾನು ಅಂಗಳದಲ್ಲಿ ಇರ್ತೇನೆ, ಕೈಯಲ್ಲಿ ತೆಂಗಿನಕಾಯಿ ಇರುವುದಿಲ್ಲ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.