ಛಾಯಾಚಿತ್ರಕ್ಕೆ ಹಚ್ಚಿದ ಮುಪ್ಪು

ಹಳೆಯದನ್ನು ಕಂಡಲ್ಲಿ ಗೌರವವು ತಾನಾಗಿಯೇ ಹುಟ್ಟುವದು ಮನುಷ್ಯಸ್ವಭಾವ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳ ಮುಂದೆ ನಿಂತವನು ತನಗರಿಯದೆಯೇ ದನಿ ತಗ್ಗಿಸುವನು. ಆ ಕಲ್ಲುಗಳ ಕಪ್ಪು ಮಳೆ-ಬಿಸಿಲುಗಳು ಶತಮಾನಗಳಿಂದ ಹಚ್ಚಿದ್ದು. ಅಂಥ ಗೌರವವನ್ನು ಮನೆಯ ಛಾಯಾಚಿತ್ರಗಳಿಗೂ ತಂದುಕೊಡಬೇಕೆಂಬ ಹಂಬಲ ಈಗ ಬೆಳೆದಿರುವದು. ನಿನ್ನೆ ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಕಂದು ಬಣ್ಣವನ್ನಿಟ್ಟು, ಅಂಚುಗಳಲ್ಲಿ ಬಿರುಕು-ಕಲೆಗಳನ್ನು ಮೂಡಿಸಿ, ಮುತ್ತಜ್ಜನ ಕಾಲದ್ದೆಂಬಂತೆ ಮಾಡುವದು ಇಂದು ಕ್ಷಣದ ಕೆಲಸ. ಇದು ನಿರ್ದೋಷವಾದ ಅಲಂಕಾರವೋ, ಅಥವಾ ಒಂದು ಬಗೆಯ ಅಸತ್ಯವೋ?

ಮೊದಲು ಆ ಕಂದು ಬಣ್ಣದ ಮೂಲವನ್ನು ಅರಿಯಬೇಕು. ಹಿಂದಿನ ಕಪ್ಪು-ಬಿಳುಪು ಚಿತ್ರವು ಕಾಗದದ ಮೇಲಣ ಬೆಳ್ಳಿಯ ಸೂಕ್ಷ್ಮ ಕಣಗಳಿಂದಾದದ್ದು. ತೇವ, ಗಾಳಿಯ ಕಲ್ಮಷ, ಸರಿಯಾಗಿ ತೊಳೆಯದೆ ಉಳಿದ ರಾಸಾಯನಿಕಗಳು ಆ ಬೆಳ್ಳಿಯನ್ನು ಕೆಡಿಸುವವು. ಆದ್ದರಿಂದ ಕುಶಲ ಛಾಯಾಚಿತ್ರಕಾರರು ಗಂಧಕವುಳ್ಳ ದ್ರಾವಣದಿಂದ ಬೆಳ್ಳಿಯನ್ನು ಸಿಲ್ವರ್ ಸಲ್ಫೈಡಾಗಿ ಮಾರ್ಪಡಿಸುತ್ತಿದ್ದರು. ಅದರ ಬಣ್ಣ ಕಂದು; ಬಾಳಿಕೆಯೂ ಬರಿಯ ಬೆಳ್ಳಿಗಿಂತ ಹೆಚ್ಚು. ಇದನ್ನೇ ಸೆಪಿಯಾ ಎಂದು ಕರೆದರು. ಹಿರಿಯರು ಈ ಬಣ್ಣವನ್ನು ಮೆಚ್ಚಿದ್ದರಲ್ಲಿ ಚೆಲುವಿನೊಡನೆ ಬಾಳಿಕೆಯ ವಿಚಾರವೂ ಇದ್ದಿತು: ಚಿತ್ರವು ಮುಂದಿನವರಿಗೆ ಉಳಿಯಬೇಕು. ಇಂದಿನವರು ಅದೇ ಬಣ್ಣವನ್ನಿಡುವದು ಚಿತ್ರವು ಹಿಂದಿನವರದಾಗಿ ತೋರಲೆಂದು.

ಅನುಕರಣವೆಲ್ಲ ಮೋಸವಲ್ಲವೆಂದು ಕೆಲವರು ಹೇಳಬಹುದು, ಅದು ನಿಜ. ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಕೆತ್ತಿ ಬಣ್ಣವಿಟ್ಟ ಹಣ್ಣು-ಕಾಯಿಗಳು ಕಣ್ಣನ್ನು ಮರುಳುಗೊಳಿಸುವವು. ಆದರೂ ಅವರನ್ನು ವಂಚಕರೆಂದು ಯಾರೂ ಅನ್ನರು. ಕೊಡುವವನಿಗೂ ಕೊಳ್ಳುವವನಿಗೂ ಅದು ಕಟ್ಟಿಗೆಯೆಂದು ತಿಳಿದಿರುವದು. ಕೈಗೆತ್ತಿಕೊಂಡರೆ ಮಗುವಿಗೂ ತಿಳಿಯುವದು. ಚಿತ್ರಕ್ಕೆ ಬಣ್ಣವಿಟ್ಟವರೂ ಅದನ್ನು ನೋಡುವವರೂ ಒಂದೇ ಮನೆಯವರಾಗಿರುವವರೆಗೆ ಅದೂ ಅಂಥ ಆಟಿಗೆಯೇ ಸರಿ.

ಆದರೆ ಛಾಯಾಚಿತ್ರವು ತನ್ನ ಸಾಕ್ಷಿಗಳಿಗಿಂತ ಹೆಚ್ಚು ಕಾಲ ಬಾಳುವದು. ಘಟಪ್ರಭೆಯು ಸುಮಾರು 52 ಮೀಟರು ಧುಮುಕುವ ಗೋಕಾಕ ಜಲಪಾತದ ಬಳಿಯ ತೂಗುಸೇತುವೆಯ ಮೇಲೆ ಒಂದು ಕುಟುಂಬವು ನಿಂತು ಚಿತ್ರ ತೆಗೆಸಿಕೊಂಡಿತೆನ್ನೋಣ. ಅದೇ ಬಂಡೆ, ಅದೇ ನೀರು, ಹಿಂದೆ ಹತ್ತೊಂಬತ್ತನೆಯ ಶತಮಾನದ ಗಿರಣಿ. ಕಂದು ಬಣ್ಣವಿಟ್ಟರೆ ಅರವತ್ತು ವರುಷಗಳ ತರುವಾಯ ಅದನ್ನು ಯಾವ ಕಾಲದ್ದೆಂದು ಹೇಳುವವರಾರು? ಮೊಮ್ಮಗನು ಅದನ್ನು ತನ್ನ ಮುತ್ತಜ್ಜನ ಚಿತ್ರವೆಂದೇ ನಂಬುವನು. ಬಣ್ಣವಿಟ್ಟವನು ಸುಳ್ಳಾಡಿರಲಿಲ್ಲ, ಆದರೂ ಸುಳ್ಳು ಹುಟ್ಟಿತು. ತಿಳಿದವರು ಇರುವವರೆಗೆ ವಿನೋದವಾಗಿದ್ದದ್ದು ಅವರು ಹೋದ ಮೇಲೆ ಅಸತ್ಯವಾಗುವದು.

ಇಲ್ಲಿಯೇ ಕರ್ತವ್ಯದ ಪ್ರಶ್ನೆ ಬರುವದು. ಅಲಂಕಾರಕ್ಕಾಗಿ ಪ್ರತಿಯೊಂದನ್ನು ಮಾಡಿಕೊಳ್ಳಲಿ. ಮೂಲವನ್ನು ಮುಟ್ಟದೆ ಬೇರೆ ಇಡಲಿ. ಪ್ರತಿಯ ಮೇಲೆ ಅದು ಪ್ರತಿಯೆಂದೂ, ಮೂಲಚಿತ್ರದ ವರುಷ ಯಾವುದೆಂದೂ ಬರೆಯಲಿ. ಚಿತ್ರಗಳನ್ನು ಕುಟುಂಬವಾರು, ವರುಷವಾರು ಜೋಡಿಸಿ, ಹಳೆಯ ಕಾಗದದ ಚಿತ್ರವಾದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರಾಗಿ ಹೆಸರು, ಊರು, ಇಸವಿಗಳನ್ನು ನಮೂದಿಸಲಿ. ಊರಿನ ಹೆಸರೊಂದೇ ಸಾಲದು, ಇಸವಿಯೂ ಬೇಕು. ಇಂದು ಸ್ವತಂತ್ರ ತಾಲೂಕಾಗಿರುವ ಮೂಡಲಗಿಯು ಮೊದಲು ಗೋಕಾಕ ತಾಲೂಕಿನಲ್ಲಿಯೇ ಇದ್ದಿತು. 1956ಕ್ಕೆ ಮುಂಚೆ ಈ ಸೀಮೆಯೆಲ್ಲ ಮುಂಬಯಿಗೆ ಸೇರಿದ್ದಿತು. ಹಿರಿಯರು ಕಣ್ಣೆದುರಿಗಿರುವಾಗಲೇ ಗುರುತು ಕೇಳಿಟ್ಟುಕೊಳ್ಳಬೇಕು. ಹೆಸರಿಲ್ಲದ ಮುಖವು ಎಷ್ಟು ಹಳೆಯದಾದರೂ ಅನಾಥವೇ.

2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಯು ಗೋಕಾಕ, ಮೂಡಲಗಿ ಸೀಮೆಯ ಮನೆಗಳಿಗೆ ನುಗ್ಗಿದ್ದನ್ನು ಮರೆಯಲಾಗದು. ನೆಂದ ಚಿತ್ರಗಳು ಒಂದಕ್ಕೊಂದು ಅಂಟಿ ಒಣಗಿದರೆ ಬಿಡಿಸುವದು ಬಲು ಕಷ್ಟ. ಹಸಿಯಿರುವಾಗಲೇ ಶುದ್ಧ ನೀರಿನಲ್ಲಿ ಮೆಲ್ಲನೆ ಬೇರ್ಪಡಿಸಿ ನೆರಳಿನಲ್ಲಿ ಆರಿಸಬೇಕು. ತಾಯಿಯ ಒಂದೇ ಚಿತ್ರವನ್ನು ನೀರಿಗೆ ಕಳೆದುಕೊಂಡವನಿಗೆ ಯಾವ ಕಂದು ಬಣ್ಣವೂ ಆ ಮುಖವನ್ನು ಮರಳಿ ಕೊಡದು. ನೆಂಟರ ಮನೆಯಲ್ಲಿ ಒಂದು ಪ್ರತಿಯಿದ್ದರೆ ಅದು ಕೊಟ್ಟೀತು. ಆದ್ದರಿಂದ ಒಂದೇ ಕಡೆ ಕೂಡಿಡದೆ, ಮಗಳ ಮನೆಯಲ್ಲಿಯೂ ತಮ್ಮನ ಮನೆಯಲ್ಲಿಯೂ ಪ್ರತಿಗಳನ್ನಿಡುವದು ವಿವೇಕ.

ಇನ್ನು ಕೆಲವು ಮನೆಗಳಲ್ಲಿ ಹಳೆಯ ಚಿತ್ರವೇ ಇಲ್ಲ. ಛಾಯಾಚಿತ್ರ ತೆಗೆಸುವದು ಬಡವರ ಕೈಗೆ ನಿಲುಕದ ಕಾಲವಿದ್ದಿತು. ಅಂಥ ಮನೆಯವರು ನಾಚಿ, ಹೊಸದಕ್ಕೆ ಮುಪ್ಪು ಹಚ್ಚಿ ಗೋಡೆಗೆ ತೂಗಬೇಕಾದುದಿಲ್ಲ. ಆ ಬರಿದಾದ ಗೋಡೆಯೂ ಆ ಮನೆತನದ ಇತಿಹಾಸವೇ. ಇಂದಿನ ಚಿತ್ರವನ್ನು ಇಂದಿನದೆಂದೇ ಬರೆದು ಜೋಪಾನಮಾಡಿದರೆ, ಅದಕ್ಕೆ ಸಲ್ಲತಕ್ಕ ಹಳೆತನವನ್ನು ಕಾಲವು ತಾನೇ ತಂದು ಕೊಡುವದು.